ನೀರು ಬಂದಾಗ ಏಳುವವರು

ಗಂಡ-ಹೆಂಡತಿ ಮನೆಗೆಲಸವನ್ನು, ಮಕ್ಕಳ ಆರೈಕೆಯನ್ನು ನ್ಯಾಯವಾಗಿ ಹಂಚಿಕೊಳ್ಳುವುದು ಹೇಗೆ ಎಂದು ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ಯೋಚಿಸುವವರು ನೀರಿನಿಂದಲೇ ಶುರು ಮಾಡಬೇಕು. ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆಯ ನೀರು ಈ ಜೋಡಿ ಊರಿನ ಎಷ್ಟೋ ಓಣಿಗಳಿಗೆ ದಿನಾಲೂ ಬರುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಬಂದರೆ ಪುಣ್ಯ. ಬೇಸಿಗೆಯಲ್ಲಿ ವಾರವೂ ದಾಟುತ್ತದೆ. ಯಾವ ದಿನ ಬರಬಹುದೆಂಬ ಅಂದಾಜು ಇದ್ದರೂ ಯಾವ ಹೊತ್ತಿಗೆ ಎಂಬುದು ಗೊತ್ತಿರುವುದಿಲ್ಲ. ಹಗಲು ಹನ್ನೊಂದಕ್ಕೆ ಬರಬಹುದು, ನಡುರಾತ್ರಿ ಎರಡೂವರೆಗೂ ಬರಬಹುದು.

ನಲ್ಲಿಯಿಂದ ಮೊದಲು ಗಾಳಿ ಬರುತ್ತದೆ. ಆ ಸುಯ್ಯೆನ್ನುವ ಸಪ್ಪಳಕ್ಕೆ ಮನೆಯಲ್ಲಿ ಒಬ್ಬರ ಕಿವಿ ಮಾತ್ರ ಎಚ್ಚರಾಗುತ್ತದೆ. ಆಕೆ ಎದ್ದು, ಮೊದಲು ಬರುವ ಕೆಂಪು ನೀರನ್ನು ಹರಿಯಬಿಟ್ಟು, ನಲ್ಲಿಯ ಬಾಯಿಗೆ ಅರಿವೆ ಕಟ್ಟಿ, ಕುಡಿಯುವ ನೀರಿನ ಕೊಡಗಳನ್ನು ತುಂಬುತ್ತಾಳೆ. ಆಮೇಲೆ ಪೈಪನ್ನು ಸಂಪಿಗೆ ಬಿಟ್ಟು, ಮೋಟಾರು ಹಚ್ಚಿ, ಮೇಲಿನ ಟಾಕಿ ತುಂಬುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ನಡುವೆ ಕಂಪೌಂಡಿನಾಚೆಗೆ "ಅಕ್ಕಾರ, ನೀರ ಬಂದಾವ್ರೀ" ಎಂದು ಒಂದು ಕೂಗು. ಆ ಮನೆಯಲ್ಲೂ ಏಳುವವಳು ಹೆಂಗಸೇ. ಅಷ್ಟರಲ್ಲಿ ಮಗು ಎದ್ದು ಅತ್ತರೆ ಅದನ್ನು ಸೊಂಟಕ್ಕೆ ಏರಿಸಿಕೊಂಡೇ ಉಳಿದ ಬಕೆಟ್ಟುಗಳನ್ನು ತುಂಬಬೇಕು. ಮಲಗುವ ಹೊತ್ತಿಗೆ ನಾಲ್ಕಾಗಿರುತ್ತದೆ, ಐದೂವರೆಗೆ ಡಬ್ಬಿ ಕಟ್ಟುವ ಕೆಲಸ ಕಾದಿರುತ್ತದೆ.

ಗಂಡ ಕೆಲಸಗಳ್ಳನೇನಲ್ಲ. ಮೋಟಾರು ಕೆಟ್ಟರೆ ಮೆಕ್ಯಾನಿಕನನ್ನು ಕರೆತರುವವನು ಅವನೇ. ನೀರಿನ ಬಿಲ್ಲು, ಕರೆಂಟಿನ ಬಿಲ್ಲು ಕಟ್ಟುತ್ತಾನೆ, ಜೋಳದ ಡಬ್ಬಿಯನ್ನು ಬೈಕಿನ ಮೇಲಿಟ್ಟುಕೊಂಡು ಗಿರಣಿಗೆ ಹೋಗುತ್ತಾನೆ, ರವಿವಾರ ಸಂತೆ ಮಾಡುತ್ತಾನೆ, ಮಗನ ಸಾಲಿ ಫೀ ತುಂಬುತ್ತಾನೆ. ಇವೆಲ್ಲ ಮನೆಗೆ ಬೇಕಾದ ಕೆಲಸಗಳೇ. ಆದರೆ ಒಂದೊಂದನ್ನೂ ಎತ್ತಿ ನೋಡಿದರೆ ಒಂದು ಸಂಗತಿ ಕಾಣುತ್ತದೆ: ಇವತ್ತು ಆಗದಿದ್ದರೆ ಇವು ನಾಳೆಗೆ ನಿಲ್ಲುತ್ತವೆ. ಬಿಲ್ಲು ನಾಳೆ ಕಟ್ಟಬಹುದು, ಗಿರಣಿಗೆ ಸಂಜೆ ಹೋಗಬಹುದು. ನಡುರಾತ್ರಿಯ ನೀರು, ಅಳುವ ಮಗು, ಒಂದು ಗಂಟೆಯ ಊಟ, ಮೂರೂವರೆಗೆ ಸಾಲಿಯ ಗೇಟಿನ ಹತ್ತಿರ ನಿಲ್ಲುವುದು, ಇವು ನಿಲ್ಲುವುದಿಲ್ಲ. ಮನೆಗೆಲಸದಲ್ಲಿ ನಾಳೆ ಎಂದರೆ ನಡೆಯುವ ಕೆಲಸ ಒಂದು ಬಗೆ, ನಾಳೆ ಎಂದರೆ ನಡೆಯದ ಕೆಲಸ ಇನ್ನೊಂದು ಬಗೆ. ನಮ್ಮಲ್ಲಿ ಮೊದಲ ಬಗೆಯದು ಗಂಡಸರ ಪಾಲಿಗೆ ಬಂದಿದೆ, ಎರಡನೆಯದು ಹೆಂಗಸರ ಪಾಲಿಗೆ ಉಳಿದಿದೆ. ಯಾರು ಎಷ್ಟು ತಾಸು ದುಡಿದರು ಎಂಬುದಕ್ಕಿಂತ ಯಾರ ಹೊತ್ತು ಯಾರ ಕೈಯಲ್ಲಿದೆ ಎಂಬುದೇ ನ್ಯಾಯದ ಮುಖ್ಯ ಪ್ರಶ್ನೆ ಎಂದು ನಾನು ನಂಬುತ್ತೇನೆ. ನಾಳೆ ಎಂದರೆ ನಡೆಯದ ಕೆಲಸವನ್ನು ಇಬ್ಬರೂ ಹೊತ್ತುಕೊಳ್ಳದ ಮನೆಯಲ್ಲಿ ಉಳಿದ ಹಂಚಿಕೆ ಎಷ್ಟೇ ಸಮನಾಗಿದ್ದರೂ ಅದು ನ್ಯಾಯವಲ್ಲ.

ತಾಸಿನ ಲೆಕ್ಕ ಬೇಡವೆಂದು ನಾನು ಹೇಳುತ್ತಿಲ್ಲ. ದೇಶದ ಸಾಂಖ್ಯಿಕ ಕಚೇರಿ 2019ರಲ್ಲಿ ಮೊದಲ ಸಲ ರಾಷ್ಟ್ರಮಟ್ಟದಲ್ಲಿ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಟ್ಟರೆ, ಮಾಡುವ ಗಂಡಸರು 97 ನಿಮಿಷ ಕೊಡುತ್ತಿದ್ದರು. ಮಾಡುವ ಗಂಡಸರು ಎಂಬ ಮಾತನ್ನು ಗಮನಿಸಬೇಕು. ಸಮೀಕ್ಷೆಯ ದಿನ ಮನೆಗೆಲಸಕ್ಕೆ ಕೈಹಚ್ಚಿದವರು ಗಂಡಸರಲ್ಲಿ ನೂರಕ್ಕೆ 26 ಮಂದಿಯಾದರೆ, ಹೆಂಗಸರಲ್ಲಿ ನೂರಕ್ಕೆ 81. ಐದು ವರ್ಷದ ಮೇಲೆ, 2024ರಲ್ಲಿ, ಅದೇ ಲೆಕ್ಕ 289 ಮತ್ತು 88 ನಿಮಿಷವಾಯಿತು. ಹೆಂಗಸರ ಹೊರೆ ಹತ್ತು ನಿಮಿಷ ಇಳಿದರೂ ಗಂಡಸರ ಪಾಲು ಏರಲಿಲ್ಲ. ಈ ಅಂಕಿಗಳಿಲ್ಲದೆ ಮಾತೇ ಶುರುವಾಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಆದರೆ ಆ ಸಮೀಕ್ಷೆ ಹೊತ್ತನ್ನು ಅಳೆಯುವ ಬಗೆಯನ್ನೂ ನೋಡಬೇಕು. ಬೆಳಗಿನ ನಾಲ್ಕರಿಂದ ಮರುದಿನ ಬೆಳಗಿನ ನಾಲ್ಕರವರೆಗೆ ದಿನವನ್ನು ಅರ್ಧರ್ಧ ತಾಸಿನ ತುಂಡುಗಳಾಗಿ ಮಾಡಿ, ಆ ತುಂಡಿನಲ್ಲಿ ಏನು ಮಾಡಿದಿರಿ ಎಂದು ಕೇಳುತ್ತಾರೆ. ನಲ್ಲಿಯ ಸಪ್ಪಳಕ್ಕೆ ಕಿವಿಕೊಟ್ಟು ಮಲಗಿದವಳ ಹನ್ನೆರಡರಿಂದ ಎರಡೂವರೆವರೆಗಿನ ಹೊತ್ತು ಆ ಪಟ್ಟಿಯಲ್ಲಿ ನಿದ್ದೆ ಎಂದೇ ದಾಖಲಾಗುತ್ತದೆ. ನಿರಾತಂಕವಾಗಿ ಮಲಗಿದ ಗಂಡನದೂ ನಿದ್ದೆಯೇ. ಮಗು ಆಡುತ್ತಿರುವಾಗ ಪುಸ್ತಕ ಹಿಡಿದು ಕೂತ ತಾಯಿಯ ಅರ್ಧ ತಾಸು ಓದು ಎನ್ನಿಸಿಕೊಳ್ಳುತ್ತದೆ, ಪುಟ ತಿರುವುವ ಮೊದಲು ಮೂರು ಸಲ ಎದ್ದಿದ್ದರೂ. ಎಚ್ಚರದಲ್ಲಿರುವುದು, ಯಾವ ಕ್ಷಣಕ್ಕಾದರೂ ಕೈಲಿದ್ದದ್ದನ್ನು ಬಿಟ್ಟು ಏಳಲು ಸಿದ್ಧವಾಗಿರುವುದು, ಅದೂ ಒಂದು ದುಡಿಮೆ. ಅದಕ್ಕೆ ನಿಮಿಷದ ಲೆಕ್ಕವಿಲ್ಲ. ಆದರೆ ಒಂದು ಜೀವನದಲ್ಲಿ ಏನನ್ನು ಓದಲಾಯಿತು, ಯಾವ ಪರೀಕ್ಷೆಗೆ ಕೂರಲಾಯಿತು, ಯಾವ ಬಡ್ತಿಯನ್ನು ಬೇಡವೆನ್ನಬೇಕಾಯಿತು ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ.

ಇದರಲ್ಲಿ ಗಂಡನ ಮನಸ್ಸಿನದಲ್ಲದ, ಪೈಪಿನದೇ ಆದ ಅನ್ಯಾಯವೂ ಇದೆ. 2008ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಈ ಊರಿನ ಎಂಟು ವಾರ್ಡುಗಳಿಗೆ ಇಪ್ಪತ್ನಾಲ್ಕು ತಾಸಿನ ನೀರು ಬಂತು. ಊರಿನ ಹತ್ತರಲ್ಲಿ ಒಂದು ಪಾಲು ಜನಕ್ಕೆ ನಲ್ಲಿ ತಿರುಗಿಸಿದಾಗ ನೀರು, ಉಳಿದವರಿಗೆ ವಾಲ್ವ್‌ಮನ್ ಬಿಟ್ಟಾಗ ನೀರು. ಆ ವಾರ್ಡುಗಳಲ್ಲಿ ನೀರು ತುಂಬುವುದು ನಾಳೆ ಎಂದರೂ ನಡೆಯುವ ಕೆಲಸವಾಯಿತು. ಈಗ ಇಡೀ ಊರಿಗೆ ಆ ವ್ಯವಸ್ಥೆಯನ್ನು ವಿಸ್ತರಿಸುವ ಕೆಲಸ ನಡೆದಿದೆ. ಅದನ್ನು ರಸ್ತೆ ಅಗೆಯುವ ಕಾಮಗಾರಿ ಎಂದಷ್ಟೇ ನೋಡದೆ ಹೆಂಗಸರ ರಾತ್ರಿಗಳನ್ನು ಅವರಿಗೆ ಮರಳಿಸುವ ಕೆಲಸ ಎಂದು ನೋಡಿದರೆ ಅದರ ತುರ್ತು ಬೇರೆಯೇ ಆಗುತ್ತದೆ. ಇದೇ ಊರಿನಲ್ಲಿ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ವಾಲ್ವ್‌ಮನ್‌ಗಳಿಂದ ತಿಳಿದುಕೊಂಡು, ನೀರು ಬರುವ ಸುದ್ದಿಯನ್ನು ಮನೆಮನೆಯ ಮೊಬೈಲಿಗೆ ಸಂದೇಶವಾಗಿ ಕಳಿಸುವ ಪ್ರಯೋಗ ಶುರು ಮಾಡಿತ್ತು. ಒಳ್ಳೆಯ ಯೋಚನೆ. ಅಲ್ಲೂ ನಾನು ಕೇಳುವ ಪ್ರಶ್ನೆ ಒಂದೇ: ಸಂದೇಶ ಯಾರ ಮೊಬೈಲಿಗೆ? ಆಫೀಸಿನಲ್ಲಿರುವ ಗಂಡನ ಮೊಬೈಲಿಗೆ ಬಂದರೆ ಅವನು ಮನೆಗೆ ಫೋನು ಮಾಡಿ "ನೀರ ಬರ್ತಾವಂತ, ನೋಡು" ಎನ್ನುತ್ತಾನೆ. ಸುದ್ದಿ ಅವನಿಗೆ ಸಿಕ್ಕಿತು, ಏಳುವುದು ಇವಳಿಗೇ ಉಳಿಯಿತು.

ಈ ಭಾಗದ ಹೆಂಗಸರು ನಾಳೆ ಎಂದರೆ ನಡೆಯದ ಕೆಲಸವನ್ನು ತಾವೇ ಪಳಗಿಸಲು ಕಂಡುಕೊಂಡ ಉಪಾಯವೊಂದಿದೆ, ಖಡಕ್ ರೊಟ್ಟಿ. ಬಿಸಿ ರೊಟ್ಟಿಗೆ ಆ ಹೊತ್ತಿಗೇ ಒಲೆಯ ಮುಂದೆ ಕೂರಬೇಕು. ಎಸರಿಟ್ಟು, ಪರಾತದಲ್ಲಿ ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ ನೀರು ಸವರಿ, ಉಣ್ಣುವವರ ತಾಟಿಗೆ ಒಂದೊಂದಾಗಿ ಹಾಕಬೇಕು. ಬಡಿಯುವವಳು ಎಲ್ಲರ ಜೊತೆ ಉಣ್ಣುವ ಹಾಗಿಲ್ಲ. ಖಡಕ್ ರೊಟ್ಟಿಯನ್ನು ಒಂದು ದಿನ ಕೂತು ಬಡಿದು, ಒಣಗಿಸಿ, ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಈಗಂತೂ ಹುಬ್ಬಳ್ಳಿಯ ಓಣಿ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಹೆಂಗಸರಿದ್ದಾರೆ. ರೊಟ್ಟಿಯನ್ನು ಹೀಗೆ ಮುಂದಕ್ಕೆ ಕೂಡಿಡಬಹುದು, ಕೊಂಡೂ ತರಬಹುದು. ಮಗುವಿನ ಆರೈಕೆಯನ್ನು ರವಿವಾರ ಮಾಡಿ ವಾರಕ್ಕಾಗುವಷ್ಟು ಕೂಡಿಡಲು ಬರುವುದಿಲ್ಲ. ಆದ್ದರಿಂದ ಮಿಕ್ಸರ್, ವಾಷಿಂಗ್ ಮಷೀನ್, ಗ್ಯಾಸು ಎಲ್ಲ ಬಂದು ಮನೆಗೆಲಸ ಹಗುರಾಯಿತು ಎನ್ನುವ ಮನೆಗಳಲ್ಲೂ ತಂದೆ-ತಾಯಿಯರ ನಡುವಿನ ಅಂತರ ಮಗು ಹುಟ್ಟಿದ ದಿನದಿಂದ ಬೆಳೆಯುತ್ತದೆ.

ಅವನು ಹೊರಗೆ ದುಡಿಯುತ್ತಾನಲ್ಲ ಎಂಬ ಮಾತು ಇಲ್ಲಿ ಬರುತ್ತದೆ. ಅದನ್ನು ತಳ್ಳಿಹಾಕಬಾರದು. ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವನ ದಣಿವು ನಿಜವಾದದ್ದು. ಆದರೆ ಹೊರಗಿನ ಕೆಲಸಕ್ಕೆ ಕೊನೆಯ ಗಂಟೆ ಎಂಬುದೊಂದಿದೆ, ಅದನ್ನು ಕಾರ್ಮಿಕರು ಹೋರಾಡಿ ಪಡೆದರು. 1948ರ ಕಾರ್ಖಾನೆ ಕಾಯಿದೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂದು ಎಲ್ಲೆ ಹಾಕಿತು, ವಾರಕ್ಕೊಂದು ರಜೆ ಕೊಟ್ಟಿತು. ಹೆಂಡತಿ ನೌಕರಿಗೆ ಹೋಗದವಳೇ ಇರಲಿ. ಅವನು ಹೊರಗೆ ದುಡಿದ ಒಂಬತ್ತು ತಾಸು ಅವಳು ಒಳಗೆ ದುಡಿದಳು ಎಂದಾದರೆ ಅಲ್ಲಿಗೆ ಇಬ್ಬರ ಲೆಕ್ಕ ಚುಕ್ತಾ. ಉಳಿದವು ಸಂಜೆ, ರಾತ್ರಿ, ರವಿವಾರ; ಆ ಹೊತ್ತು ಇಬ್ಬರಿಗೂ ಸೇರಿದ್ದು. ಆ ಹೊತ್ತಿನ ಮಗುವೂ ಇಬ್ಬರದೇ. ಗಳಿಕೆ ಹಗಲಿನ ಹಂಚಿಕೆಯನ್ನು ಸಮರ್ಥಿಸಬಲ್ಲದು, ರಾತ್ರಿಯ ಹಂಚಿಕೆಯನ್ನು ಸಮರ್ಥಿಸಲಾರದು. ಹೆಂಡತಿಯೂ ಧಾರವಾಡದಿಂದ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಗೆ ನೌಕರಿಗೆ ಹೋಗಿಬರುವ ಮನೆಗಳಲ್ಲಂತೂ ಆ ವಾದಕ್ಕೆ ನೆಲವೇ ಇಲ್ಲ.

ಇನ್ನು ಕೆಲವರು, ಅದರಲ್ಲೂ ಹಿರಿಯರು, ಪ್ರೀತಿ ಇರುವಲ್ಲಿ ಲೆಕ್ಕ ಯಾಕೆ ಎಂದು ನೊಂದುಕೊಂಡು ಕೇಳುತ್ತಾರೆ. ನಮ್ಮ ಕಡೆ ಮದುವೆಯಲ್ಲಿ ಬಂದ ಆಯೇರವನ್ನು ಕಣದವರೆಗೂ ಬಿಡದೆ ವಹಿಯಲ್ಲಿ ಬರೆದಿಡುತ್ತಾರೆ. ಯಾರು ಏನು ಮಾಡಿದರು ಎಂಬುದು ನೆನಪಿರಬೇಕು, ಅವರ ಮನೆಯ ಕಾರ್ಯಕ್ಕೆ ಕಡಿಮೆ ಮಾಡಬಾರದು ಎಂಬುದು ಅದರ ಉದ್ದೇಶ. ಬೀಗರಿಗೆ, ಬಳಗಕ್ಕೆ ತೋರುವ ಈ ಎಚ್ಚರ ಪ್ರೀತಿಯನ್ನು ಕೆಡಿಸಿಲ್ಲ, ಉಳಿಸಿದೆ. ಲೆಕ್ಕ ಬರೆಯದಿದ್ದಲ್ಲಿ ಯಾವಾಗಲೂ ಒಬ್ಬರೇ ಕೊಡುತ್ತಾರೆ. ಹೆಂಡತಿಯ ದುಡಿಮೆಗೆ ನಮ್ಮ ನ್ಯಾಯಾಲಯಗಳು ರೂಪಾಯಿ ಲೆಕ್ಕದಲ್ಲಿ ಬೆಲೆ ಕಟ್ಟಬೇಕಾಗಿ ಬರುವುದು ಹೆಚ್ಚಾಗಿ ಅವಳು ಸತ್ತ ಮೇಲೆ, ವಾಹನ ಅಪಘಾತದ ಪರಿಹಾರದ ಮೊಕದ್ದಮೆಗಳಲ್ಲಿ. 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರ, ಕೈದಿಗಳ ಸಾಲಿನಲ್ಲಿ ಕೆಲಸ ಮಾಡದವರೆಂದು ಎಣಿಸಿದ್ದನ್ನು ಸುಪ್ರೀಂ ಕೋರ್ಟು 2010ರ ತೀರ್ಪೊಂದರಲ್ಲಿ ಆಕ್ಷೇಪಿಸಿತು. 2021ರ ಜನವರಿಯಲ್ಲಿ, ಗಂಡ-ಹೆಂಡತಿ ಇಬ್ಬರೂ ತೀರಿಕೊಂಡ ಅಪಘಾತದ ಪ್ರಕರಣದಲ್ಲಿ, ಮೇಲೆ ಹೇಳಿದ 299 ಮತ್ತು 97 ನಿಮಿಷದ ಅಂಕಿಯನ್ನೇ ಎತ್ತಿಹೇಳಿ, ಮನೆಯಲ್ಲಿ ದುಡಿಯುವವಳಿಗೆ ಆದಾಯವಿಲ್ಲ ಎಂಬ ವಾದ ನಿಲ್ಲುವುದಿಲ್ಲ ಎಂದಿತು. ಬದುಕಿದ್ದಾಗ ಅದೇ ಲೆಕ್ಕ ಮಾಡಿದರೆ ಸಂಸಾರ ಒಡೆಯುತ್ತದೆ ಎಂಬ ಭಯವನ್ನು ನಾನು ಒಪ್ಪಲಾರೆ.

ಅಮೆರಿಕದ ಚಿಂತಕಿ ಸೂಸನ್ ಮೋಲರ್ ಓಕಿನ್ 1989ರಲ್ಲಿ ಬರೆದ 'ಜಸ್ಟಿಸ್, ಜೆಂಡರ್ ಅಂಡ್ ದ ಫ್ಯಾಮಿಲಿ' ಎಂಬ ಪುಸ್ತಕದಲ್ಲಿ ಜಾನ್ ರಾಲ್ಸ್‌ನಂಥ ದೊಡ್ಡ ನ್ಯಾಯಮೀಮಾಂಸಕನೂ ಕುಟುಂಬದ ಒಳಗೆ ನ್ಯಾಯ ಇದ್ದೇ ಇದೆ ಎಂದು ಹಿಡಿದು ಹೊರಟ ಎಂದು ತೋರಿಸಿದಳು. ಮಗು ನ್ಯಾಯವನ್ನು ಮೊದಲು ಕಲಿಯುವುದು ಮನೆಯಲ್ಲಿ; ಅಲ್ಲಿಯೇ ಅದು ಇಲ್ಲದಿದ್ದರೆ ನ್ಯಾಯವಂತ ನಾಗರಿಕರು ಎಲ್ಲಿಂದ ಬರಬೇಕು ಎಂಬುದು ಅವಳ ಪ್ರಶ್ನೆ. ಈ ಪ್ರಶ್ನೆಯನ್ನು ಕೇಳಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಶರಣರ ಮಾತು ದಿನಬೆಳಗಾದರೆ ಕಿವಿಗೆ ಬೀಳುವ ನಾಡಿದು.

ಮನೆ-ಮಕ್ಕಳನ್ನು ನೋಡಿಕೊಳ್ಳುವುದೇ ಹೆಣ್ಣಿನ ಕಾಯಕ ಎಂದು ಸಭೆ-ಸಮಾರಂಭಗಳಲ್ಲಿ ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಗೌರವದಿಂದಲೇ ಹೇಳುತ್ತಾರೆ. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣದ ವಿಚಾರವನ್ನು ಇದು ತಿರುವುಮುರುವು ಮಾಡುತ್ತದೆ. ಅಲ್ಲಿ ಮಡಿವಾಳ ಮಾಚಯ್ಯ ಬಟ್ಟೆ ಒಗೆದೇ ದೊಡ್ಡವನಾದ. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟಿ, ಕದಿರ ರೆಮ್ಮವ್ವ ನೂಲು ತೆಗೆದು ಬದುಕಿದರು, ವಚನ ಬರೆದರು. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಕಟ್ಟಿಗೆಯ ಹೊರೆ ಹೊತ್ತ ಎಂದು ಪರಂಪರೆ ಹೇಳುತ್ತದೆ. ಅನೇಕ ಶರಣರು ತಮ್ಮ ತಮ್ಮ ಕುಲದ ಕಸುಬನ್ನೇ ಮುಂದುವರಿಸಿದ್ದು ನಿಜ. ಆದರೂ ಅವರ ವಿಚಾರ ಸಾಗಿದ ದಿಕ್ಕು ಸ್ಪಷ್ಟ: ಯಾವ ಕೆಲಸವೂ ಕೀಳಲ್ಲ, ಮತ್ತು ಹುಟ್ಟಿನ ಕಾರಣ ತೋರಿಸಿ ಇದು ನಿನ್ನ ಪಾಲಿನ ಕೆಲಸ ಎಂದು ಮನುಷ್ಯನನ್ನು ಕಟ್ಟಿಹಾಕಬಾರದು. ಮೊದಲ ಮಾತನ್ನು ನಾವು ಮನೆಗೆಲಸಕ್ಕೆ ಸಲೀಸಾಗಿ ಅನ್ವಯಿಸುತ್ತೇವೆ, ಹೊಗಳಿಕೆಯಾಗಿ. ಎರಡನೆಯದನ್ನು ಹೊಸ್ತಿಲ ಹೊರಗೆ ನಿಲ್ಲಿಸುತ್ತೇವೆ. ಹೆಣ್ಣಾಗಿ ಹುಟ್ಟಿದಳು, ಆದ್ದರಿಂದ ರಾತ್ರಿ ಏಳುವುದು ಅವಳ ಪಾಲು ಎನ್ನುವುದು, ಇಂಥ ಜಾತಿಯಲ್ಲಿ ಹುಟ್ಟಿದ, ಆದ್ದರಿಂದ ಬಟ್ಟೆ ಒಗೆಯುವುದು ಅವನ ಪಾಲು ಎನ್ನುವುದಕ್ಕಿಂತ ತರ್ಕದಲ್ಲಿ ಬೇರೆಯಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳುವವರು ಬಸವಣ್ಣನ ಹೆಸರನ್ನು ಅದಕ್ಕೆ ಬಳಸಬಾರದು. ಮಾಚಯ್ಯನಿಗೆ ಕೈಮುಗಿಯುವ ತಂದೆಗೆ ತನ್ನ ಕೂಸಿನ ಬಟ್ಟೆ ಒಗೆಯಲು ಅಡ್ಡಿಯಾಗುವುದು ಏನು?

ಆಯ್ದಕ್ಕಿ ಲಕ್ಕಮ್ಮ-ಮಾರಯ್ಯರ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದಾಗ ಇಷ್ಟು ಬೇಡ, ತಿರುಗಿ ಹಾಕಿ ಬಾ ಎಂದು ಲಕ್ಕಮ್ಮ ಕಳಿಸಿದಳು. ಆ ಮನೆಗೆ ಎಷ್ಟು ಸಾಕು ಎಂಬುದನ್ನು ನಿರ್ಧರಿಸಿದವಳು ಅವಳು. ನಮ್ಮ ಉಪನ್ಯಾಸಗಳಲ್ಲಿ ಇದನ್ನು ಅತಿಯಾಸೆಯ ವಿರುದ್ಧದ ಪಾಠವೆಂದು ಹೇಳುವುದು ಹೆಚ್ಚು. ನನಗೆ ಅದರಲ್ಲಿ ಕಾಣುವುದು ಒಬ್ಬರ ಮಾತಿಗೆ ಇನ್ನೊಬ್ಬರು ತಿರುಗಿ ನಡೆದ ದಾಂಪತ್ಯ. ಹೆಂಡತಿಯ ಮಾತಿಗೆ ಮಾರಯ್ಯ ಬಂದ ದಾರಿಯನ್ನು ಮತ್ತೆ ತುಳಿದ.

ಹುಟ್ಟಿನಿಂದಲ್ಲದಿದ್ದರೆ ತಾಯಿಗೆ ಮಗು ನೋಡಿಕೊಳ್ಳಲು ಅಷ್ಟು ಚೆನ್ನಾಗಿ ಹೇಗೆ ಬರುತ್ತದೆ, ತಂದೆಗೆ ಏಕೆ ಬರುವುದಿಲ್ಲ? ಇದಕ್ಕೆ ಉತ್ತರ ನಮ್ಮ ಬಾಣಂತನದ ಪದ್ಧತಿಯಲ್ಲಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೆಯ ತಿಂಗಳಲ್ಲೋ ಒಂಬತ್ತರಲ್ಲೋ ಕುಬುಸ ಮಾಡಿಸಿಕೊಂಡು ಹೋದವಳು ಕೂಸಿಗೆ ಮೂರು ತಿಂಗಳೋ ಐದು ತಿಂಗಳೋ ತುಂಬಿದ ಮೇಲೆ ತೊಟ್ಟಿಲ ಸಮೇತ ಗಂಡನ ಮನೆಗೆ ಬರುತ್ತಾಳೆ. ಆ ತಿಂಗಳುಗಳಲ್ಲಿ ಅವಳ ಅವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವುದನ್ನು ತೋರಿಸುತ್ತಾಳೆ, ಲೋಬಾನದ ಹೊಗೆ ಎಷ್ಟು ದೂರದಲ್ಲಿ ಹಿಡಿಯಬೇಕು, ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿ ಬೆನ್ನು ಹೇಗೆ ತಟ್ಟಬೇಕು, ಹೊಟ್ಟೆನೋವಿನ ಅಳು ಯಾವುದು, ನಿದ್ದೆಯ ಅಳು ಯಾವುದು ಎಂದು ಹೇಳಿಕೊಡುತ್ತಾಳೆ. ಮೊದಲ ವಾರ ಕೂಸನ್ನು ಎತ್ತಲು ಹೆದರುತ್ತಿದ್ದ ಹುಡುಗಿ ಐದನೆಯ ತಿಂಗಳಿಗೆ ಪಳಗಿದ ತಾಯಿ. ಅದೇ ಐದು ತಿಂಗಳು ತಂದೆ ಏನು ಮಾಡಿದ? ಹದಿನೈದು ದಿನಕ್ಕೊಮ್ಮೆ ರವಿವಾರ ಹಣ್ಣು ಹಿಡಿದುಕೊಂಡು ಬಂದ. ಅಳಿಯ ಬಂದನೆಂದು ಅತ್ತೆ ಹೋಳಿಗೆ ಮಾಡಿದರು. ಕೂಸನ್ನು ಸ್ನಾನ ಮಾಡಿಸಿ, ಕಾಡಿಗೆ ಹಚ್ಚಿ, ಮಡಿ ಬಟ್ಟೆಯಲ್ಲಿ ಸುತ್ತಿ ಅವನ ತೊಡೆಯ ಮೇಲಿಟ್ಟರು. ಅದು ಒದ್ದೆ ಮಾಡಿದ ಕೂಡಲೇ "ಕೊಡ್ರಿ, ಇಲ್ಲೆ ಕೊಡ್ರಿ" ಎಂದು ನಾಲ್ಕು ಕೈಗಳು ಮುಂದೆ ಬಂದವು. ಅಳಿಯನ ಕೈಗೆ ಒದ್ದೆ ಬಟ್ಟೆ ಕೊಡುವ ಮನೆ ನಮ್ಮಲ್ಲಿ ಎಲ್ಲಿದೆ?

ಹೀಗೆ ಕಲಿತವಳು ಮತ್ತು ಕಲಿಯದವನು ಒಂದೇ ಸೂರಿನ ಕೆಳಗೆ ಬಂದ ದಿನ ಆ ಅಂತರಕ್ಕೆ ಪ್ರಕೃತಿ ಎಂಬ ಹೆಸರು ಬೀಳುತ್ತದೆ. ಹೆರುವುದು, ಮೊಲೆಯುಣಿಸುವುದು ಪ್ರಕೃತಿಯದು. ಉಳಿದ ಎಲ್ಲವೂ ಕಲಿಕೆಯದು. ತವರಿನ ಬಾಣಂತನವನ್ನು ಬಿಡಬೇಕು ಎಂದು ನಾನು ಹೇಳಲಾರೆ. ಎಷ್ಟೋ ಹೆಂಗಸರಿಗೆ ಜೀವನದಲ್ಲಿ ಬೇರೆಯವರು ಬೇಯಿಸಿ ಹಾಕಿದ್ದನ್ನು ಕೂತು ಉಂಡ ತಿಂಗಳುಗಳೆಂದರೆ ಅವೇ. ಆದರೆ ತಂದೆಯಾದವನು ಅಲ್ಲಿಗೆ ಅಳಿಯನಾಗಿ ಬರುವುದರ ಬದಲು ಕಲಿಯುವವನಾಗಿ ಬಂದು ಹದಿನೈದು ದಿನವಾದರೂ ಇರಬೇಕು, ರಾತ್ರಿಯ ಸರದಿ ತೆಗೆದುಕೊಳ್ಳಬೇಕು, ಎರೆಯುವುದನ್ನು ಅತ್ತೆಯಿಂದ ಕಲಿಯಬೇಕು. ಬೀಗರ ಮನೆಯಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಅವನು ಗಳಿಸಲಾರ.

ಹದಿನೈದು ದಿನ ಎಂದು ಸುಮ್ಮನೆ ಹೇಳಲಿಲ್ಲ. ಹುಬ್ಬಳ್ಳಿ ರೈಲ್ವೆ ಊರು. 2003ರಿಂದ ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಇಲ್ಲಿದೆ. ಕೇಂದ್ರ ಸರಕಾರದ ನೌಕರರಂತೆ ರೈಲ್ವೆಯ ಗಂಡಸರಿಗೂ ಹೆರಿಗೆಯ ವೇಳೆಗೆ 15 ದಿನದ ಪಿತೃತ್ವ ರಜೆ ಇದೆ. ದುರ್ಗದ ಬೈಲಿನ ಬಟ್ಟೆ ಅಂಗಡಿಯ ಹುಡುಗನಿಗೆ, ಆಟೋ ಓಡಿಸುವವನಿಗೆ ಅಂಥದ್ದು ಯಾವುದೂ ಇಲ್ಲ. ತಾಯಿಗೆ 2017ರ ತಿದ್ದುಪಡಿ 26 ವಾರದ ರಜೆ ಕೊಟ್ಟಿತು, ಐವತ್ತು ಮಂದಿ ದುಡಿಯುವ ಕಡೆ ಕೂಸಿನ ಕೋಣೆ ಇರಬೇಕೆಂದಿತು, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರುವ ಅವಕಾಶವನ್ನು ತಾಯಿಗೆ ಮಾತ್ರ ಕೊಟ್ಟಿತು. ಕೇಂದ್ರ ನೌಕರರ 730 ದಿನದ ಮಕ್ಕಳ ಆರೈಕೆಯ ರಜೆ ಹೆಂಗಸರಿಗೆ ಸಿಗುತ್ತದೆ, ಒಂಟಿ ತಂದೆಗೂ ಸಿಗುತ್ತದೆ. ಹೆಂಡತಿ ಇರುವ ತಂದೆಗೆ ಸಿಗುವುದಿಲ್ಲ. ಹೆಂಡತಿ ಇದ್ದ ಮೇಲೆ ಅವನಿಗೇಕೆ ಎಂಬ ತಿಳಿವಳಿಕೆ ನಿಯಮದಲ್ಲೇ ಕೂತಿದೆ. ನಾರ್ವೆ 1993ರಲ್ಲಿ ಹೆತ್ತವರ ರಜೆಯಲ್ಲಿ ನಾಲ್ಕು ವಾರವನ್ನು ತಂದೆಗೇ ಮೀಸಲಿಟ್ಟು, ಅವನು ತೆಗೆದುಕೊಳ್ಳದಿದ್ದರೆ ಕುಟುಂಬಕ್ಕೆ ಆ ರಜೆ ಸಿಗದಂತೆ ಮಾಡಿತು. ಅಲ್ಲಿಯವರೆಗೆ ಬೆರಳೆಣಿಕೆಯ ತಂದೆಯರು ಮಾತ್ರ ತೆಗೆದುಕೊಳ್ಳುತ್ತಿದ್ದ ರಜೆಯನ್ನು ಕೆಲವೇ ವರ್ಷಗಳಲ್ಲಿ ಬಹುಪಾಲು ಜನ ತೆಗೆದುಕೊಳ್ಳತೊಡಗಿದರು. ಮನಸ್ಸು ಮೊದಲು ಬದಲಾಗಲಿ, ಕಾನೂನು ಆಮೇಲೆ ಎಂದು ಅವರು ಕಾಯಲಿಲ್ಲ.

ಅನುಕೂಲಸ್ಥರ ಮನೆಗಳಲ್ಲಿ ಗಂಡ-ಹೆಂಡಿರ ಜಗಳ ತಪ್ಪುವುದು ಕೆಲಸದಾಕೆಯಿಂದ. ಪಾತ್ರೆ, ಕಸ, ಒಗೆತ, ಈ ಕೆಲಸಗಳನ್ನು ಅವಳು ಎತ್ತಿಕೊಳ್ಳುತ್ತಾಳೆ. ಅವಳು ಬಾರದ ದಿನ ಆಫೀಸಿಗೆ ತಡವಾಗುವುದು ಯಾರಿಗೆ ಎಂದು ನೋಡಿದರೆ ಆ ಮನೆಯ ಹಂಚಿಕೆ ಗೊತ್ತಾಗುತ್ತದೆ. ಅವಳ ಓಣಿಗೆ ನೀರು ಬಂದ ದಿನ ಅವಳು ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತಾಳೆ, ಅಲ್ಲಿ ಕೊಡ ಹಿಡಿದು ನಿಂತವಳು ಸಾಲಿ ಬಿಟ್ಟ ಅವಳ ಮಗಳು.

ನಮ್ಮ ಓಣಿಯ ಒಂದು ಮನೆಯ ಸಂಗತಿ ಹೇಳಬೇಕು. ಇಬ್ಬರೂ ನೌಕರಿಯವರು, ನಾಲ್ಕು ವರ್ಷದ ಮಗ. ಹೆಂಡತಿ ಕೆಲಸದ ಮೇಲೆ ಎರಡು ದಿನ ಬೆಂಗಳೂರಿಗೆ ಹೋದ ರಾತ್ರಿಯೇ ಹುಡುಗನಿಗೆ ಜ್ವರ ಬಂತು. ಸಿರಪ್ಪಿನ ಬಾಟ್ಲಿ ಸಿಕ್ಕಿತು. ಎಷ್ಟು ಕೊಡಬೇಕು ಎಂಬುದು ಮಗುವಿನ ತೂಕದ ಮೇಲೆ. ತಂದೆಗೆ ಮಗನ ತೂಕ ಗೊತ್ತಿರಲಿಲ್ಲ. ತಾಯಿ ಕಾರ್ಡಿನಲ್ಲಿ ಇದ್ದದ್ದು ಎರಡು ವರ್ಷದ ಹಿಂದಿನ ತೂಕ. ಫೋನು ಮಾಡಿದ. ಆಕೆ ಹೇಳಿದಳು: "ಹದಿನೈದು ಕಿಲೋ ಅದಾನ. ಇನ್ನ ಮುಂದ ನೀವ ನೋಡ್ರಿ, ನನಗ ಕೇಳಬ್ಯಾಡ್ರಿ." ಅವನು ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತ, ಬೆಳಿಗ್ಗೆ ರಜೆ ಹಾಕಿ ಡಾಕ್ಟರರ ಹತ್ತಿರ ಕರೆದೊಯ್ದ. ಮರುದಿನ ಓಣಿಯಲ್ಲಿ ಹಲವರು ಆಕೆಯ ಮಾತು ಕಠಿಣವಾಯಿತು ಎಂದರು. ನನಗೆ ಆ ಮಾತು ಹಂಚಿಕೆಯ ತಿರುಳೆನಿಸಿತು. ಅಲ್ಲಿಯವರೆಗೆ ಅವನು ಹೇಳಿದ್ದನ್ನು ಮಾಡುತ್ತಿದ್ದ, ಚೆನ್ನಾಗಿಯೇ ಮಾಡುತ್ತಿದ್ದ. ಏನು ಮಾಡಬೇಕೆಂದು ತಿಳಿದಿರುವ ಹೊಣೆ ಮಾತ್ರ ಅವಳ ತಲೆಯಲ್ಲಿತ್ತು. ಪಟ್ಟಿ ಬರೆದಿಡದೆ, ಫೋನಿಗೆ ಕಾಯದೆ, ತಾಯಿ ಎರಡು ದಿನ ಊರು ಬಿಡಲು ಸಾಧ್ಯವೇ ಎಂಬುದನ್ನು ನಾನು ಪರೀಕ್ಷೆಯಾಗಿ ಇಟ್ಟುಕೊಳ್ಳುತ್ತೇನೆ. ನಮ್ಮಲ್ಲಿ ಎಷ್ಟೋ ತಂದೆಯರು ಅದನ್ನು ಹತ್ತು ವರ್ಷಗಳಿಂದ ಯೋಚಿಸದೆಯೇ ಮಾಡುತ್ತಿದ್ದಾರೆ.

ಹೊಣೆ ಕೊಡುವುದೆಂದರೆ ಅಧಿಕಾರವನ್ನೂ ಕೊಡುವುದು. ಅವನು ಬಡಿದ ರೊಟ್ಟಿ ದಪ್ಪಗಿರುತ್ತದೆ, ಅವನು ತೊಡಿಸಿದ ಅಂಗಿಗೆ ಚಡ್ಡಿ ಹೊಂದುವುದಿಲ್ಲ, ಅವನು ಓದಿಸುವ ರೀತಿ ಬೇರೆ. ಅದನ್ನು ತಿದ್ದಲು ಪ್ರತಿಸಲ ಓಡಿಬರುವವಳು ಹೊಣೆಯನ್ನು ಮತ್ತೆ ತನ್ನ ಮೇಲೆ ಎಳೆದುಕೊಳ್ಳುತ್ತಾಳೆ. ಇದನ್ನು ತಾಯಂದಿರಿಗೆ ಹೇಳುವಾಗ ನನಗೆ ಹಗುರ ಅನಿಸುವುದಿಲ್ಲ. ಬೇರೆ ಎಲ್ಲಿಯೂ ಅಧಿಕಾರ ಸಿಗದ ಹೆಣ್ಣಿಗೆ ಅಡುಗೆಮನೆಯಲ್ಲಿ, ಮಗುವಿನ ಹಾಸಿಗೆಯ ಪಕ್ಕದಲ್ಲಿ ಮಾತ್ರ ಅದು ಸಿಕ್ಕಿದೆ. ಧಾರವಾಡದಲ್ಲೇ ಕಲಿಸುತ್ತ ಬರೆಯುತ್ತ ಬಂದ ವೀಣಾ ಶಾಂತೇಶ್ವರರ ಕಥೆಗಳಲ್ಲಿ ಬರುವ, ಓದು ಕಲಿತ, ನೌಕರಿ ಹಿಡಿದ ಹೆಂಗಸರಿಗೂ ಮನೆಯ ಒಳಗಿನ ಇಕ್ಕಟ್ಟು ಹೊರಗೆ ಬಂದ ಮಾತ್ರಕ್ಕೆ ಬಗೆಹರಿಯಲಿಲ್ಲ. ಆ ಒಂದು ಜಾಗವನ್ನೂ ಹಂಚಿಕೋ ಎಂದರೆ ಅವಳು ಯಾವುದರ ಬದಲಿಗೆ ಎಂದು ಕೇಳುವುದು ಸಹಜ.

ಸಂಜೆ ಆರಕ್ಕೆ ಧಾರವಾಡದಲ್ಲಿ ಒಂದಲ್ಲ ಒಂದು ಸಭೆ ಇದ್ದೇ ಇರುತ್ತದೆ: ಪುಸ್ತಕ ಬಿಡುಗಡೆ, ಉಪನ್ಯಾಸ, ಗಾಯನ. ಈ ಊರಿನ ಹೆಮ್ಮೆಯೇ ಅದು. ಆರರಿಂದ ಎಂಟರ ಆ ಹೊತ್ತು ಮಗುವಿಗೆ ಹಸಿವಾಗುವ ಹೊತ್ತು, ಮನೆಪಾಠ ಮುಗಿಸುವ ಹೊತ್ತು, ಹಂಚು ಕಾಯಿಸುವ ಹೊತ್ತು. ಸಣ್ಣ ಮಕ್ಕಳ ತಂದೆಯರು ಆ ಕುರ್ಚಿಗಳಲ್ಲಿ ಕಾಣುತ್ತಾರೆ, ತಾಯಂದಿರು ಅಪರೂಪ. ತಾನು ಹಾಡಬಲ್ಲವಳು, ಬರೆಯಬಲ್ಲವಳು, ಪಾಲಿಕೆಯ ವಾರ್ಡಿನಲ್ಲಿ ನಿಂತು ನೀರಿನ ಬಗ್ಗೆ ಕೇಳಬಲ್ಲವಳು ಆ ಎರಡು ತಾಸಿಗೆ ಮನೆಯಿಂದ ಹೊರಬೀಳಬೇಕಾದರೆ ಇನ್ನೊಬ್ಬರು ಅಲ್ಲಿ ಒಲೆಯ ಮುಂದೆ, ಮಗುವಿನ ಪುಸ್ತಕದ ಮುಂದೆ ಕೂರಬೇಕು. ಸಭೆಯ ಹೊತ್ತು ಬದಲಿಸಿ ಎಂದು ಸಂಘಟಕರನ್ನು ಕೇಳುವವರಿದ್ದಾರೆ, ಕೇಳಲಿ. ಅದಕ್ಕಿಂತ ಮೊದಲು, ವಾರದಲ್ಲಿ ಮೂರು ಸಂಜೆ ಆ ಕುರ್ಚಿ ಬಿಟ್ಟು ಮನೆಗೆ ಹೋಗಿ ಎಂದು ಅಲ್ಲಿ ಕೂತ ತಂದೆಯರನ್ನು ಕೇಳಬೇಕು.